ಜ್ವರ ಬಿಟ್ಟಿದೆ, ಮಗು ಆಡುತ್ತಿದೆ. ಮೆನಿಂಜೈಟಿಸ್‌ಗೆ ಇನ್ನೂ ಇಂಜೆಕ್ಷನ್ ಯಾಕೆ?

ಬೆಣ್ಣೆದೋಸೆ:
ಎಲ್ಲರಿಗೂ ನಮಸ್ಕಾರ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ನಮ್ಮ ಅಕ್ಕನ ಮಗನಿಗೆ ಮೂರು ವರ್ಷ. ಜ್ವರ, ವಾಂತಿ ಅಂತ ಶುರುವಾಯಿತು. ಊರಲ್ಲೇ ತೋರಿಸಿದೆವು, ಸೆಫಿಕ್ಸಿಮ್ ಸಿರಪ್ ಕೊಟ್ಟರು. ಮಾರನೇ ದಿನ ಫಿಟ್ಸ್ ಬಂತು. ದಾವಣಗೆರೆಗೆ ಕರೆದುಕೊಂಡು ಓಡಿದೆವು. ಬೆನ್ನಿನ ನೀರು ತೆಗೆದು ನೋಡಿ ಬ್ಯಾಕ್ಟೀರಿಯಾದಿಂದ ಬಂದ ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಯ ಸೋಂಕು ಅಂದರು. ಸೆಫ್ಟ್ರಿಯಾಕ್ಸೋನ್, ವ್ಯಾಂಕೊಮೈಸಿನ್ ಅನ್ನೋ ಎರಡು ಆಂಟಿಬಯೋಟಿಕ್ ಇಂಜೆಕ್ಷನ್ ಶುರು ಮಾಡಿದರು, ಜೊತೆಗೆ ಒಂದು ಸ್ಟೀರಾಯ್ಡ್.

ಈಗ ಜ್ವರ ಪೂರ್ತಿ ಬಿಟ್ಟಿದೆ. ಬಿಸ್ಕೆಟ್ ಕೇಳುತ್ತಾನೆ, ಮೊಬೈಲ್ ಕೊಡದಿದ್ದರೆ ಕಿರುಚುತ್ತಾನೆ. ಆದರೆ ರಕ್ತದ ಕಲ್ಚರ್‌ನಲ್ಲಿ (ಲ್ಯಾಬಿನಲ್ಲಿ ಬೆಳೆಸಿ ನೋಡೋದು) ನ್ಯುಮೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಬೆಳೆದಿದೆ, ಒಟ್ಟು 10ರಿಂದ 14 ದಿನ ಇಂಜೆಕ್ಷನ್ ಆಗಲೇಬೇಕು ಅಂತಾರೆ ಡಾಕ್ಟ್ರು. ನಮ್ಮ ಭಾವನ ಅಪ್ಪ "ಮಗು ಗಟ್ಟಿಯಾಗಿದೆ, ಸಿರಪ್ ಬರೆಸಿಕೊಂಡು ಹೊರಡೋಣ, ಊರಲ್ಲಿ ಜಾತ್ರೆ" ಅಂತ ಹಟ ಹಿಡಿದಿದ್ದಾರೆ. ನರ ಸಿಗದೆ ಮಗುವಿನ ಎರಡೂ ಕೈ ಊದಿವೆ, ನೋಡೋಕೆ ಆಗಲ್ಲ. ನಿಜವಾಗಲೂ ಸಿರಪ್‌ಗೆ ಬದಲಾಯಿಸೋಕೆ ಆಗಲ್ವಾ?

ತುಂಗೆ ದಡದವನು:
ಹೋಗಬೇಡಿ. ಜಾತ್ರೆ ಮುಂದಿನ ವರ್ಷವೂ ಬರುತ್ತೆ.

ರೊಕ್ಕ ಎಲ್ಲೈತಿ:
ನಾನು ಡಾಕ್ಟರ್ ಅಲ್ಲ. ಆದರೂ ಕೇಳುತ್ತೇನೆ. ಜ್ವರ ಇಲ್ಲ, ಮಗು ಆಡುತ್ತಿದೆ, ಇನ್ನೂ ವಾರ ಹಾಸಿಗೆ ಬಾಡಿಗೆ ಯಾಕೆ? ನಮ್ಮ ಕಾಕಾಗೆ ಕಾಲಿನ ಸೋಂಕಿಗೆ ಮೂರು ದಿನ ಇಂಜೆಕ್ಷನ್ ಕೊಟ್ಟು ಮಾತ್ರೆಗೆ ಹಾಕಿದರು. ಅರಾಮ ಆದರು. ಇದಕ್ಕೆ ಯಾಕೆ ಆಗಲ್ಲ?

ನೈಟ್ ಡ್ಯೂಟಿ:
ಮಕ್ಕಳ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ. ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ, ವಾರ್ಡಿನಲ್ಲಿ ದಿನಾ ಕೇಳುತ್ತಾರೆ.

ಕಾಲಿಗೆ ರಕ್ತ ಹೋದ ಕಡೆಯೆಲ್ಲ ಔಷಧಿ ಹೋಗುತ್ತೆ. ಮೆದುಳಿನ ಸುತ್ತ ಇರುವ ನೀರಿಗೆ (ಬೆನ್ನಿನಿಂದ ತೆಗೆದಿದ್ದೂ ಅದೇ ನೀರು) ಹಾಗೆ ಹೋಗಲ್ಲ. ಅಲ್ಲಿನ ರಕ್ತನಾಳದ ಗೋಡೆ ಬಿಗಿ. ರಕ್ತದಲ್ಲಿರುವ ಔಷಧಿಯ ಸಣ್ಣ ಪಾಲು ಮಾತ್ರ ಒಳಗೆ ದಾಟುತ್ತೆ. ಜೊತೆಗೆ ಆ ನೀರಿನಲ್ಲಿ ನಮ್ಮ ದೇಹದ ಸ್ವಂತ ರಕ್ಷಣೆಯೂ ತೀರಾ ಕಮ್ಮಿ. ಹಾಗಾಗಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆದರೆ ಸಾಲದು, ಔಷಧಿಯೇ ಅದನ್ನು ಕೊಲ್ಲಬೇಕು. ಅಷ್ಟು ಮಟ್ಟ ಮುಟ್ಟೋಕೆ ದೊಡ್ಡ ಡೋಸ್ ಬೇಕು, ಅದೂ ನೇರ ನರಕ್ಕೆ.

ಲೆಕ್ಕ ನೋಡಿ. ಸೆಫಿಕ್ಸಿಮ್ ಸಿರಪ್ ಮಕ್ಕಳಿಗೆ ದಿನಕ್ಕೆ ಒಂದು ಕೆಜಿಗೆ 8 ಮಿಲಿಗ್ರಾಂ. ಮೆನಿಂಜೈಟಿಸ್‌ನಲ್ಲಿ ಸೆಫ್ಟ್ರಿಯಾಕ್ಸೋನ್ ಕೆಜಿಗೆ 100 ಮಿಲಿಗ್ರಾಂವರೆಗೆ. ಬೇರೆ ಸೋಂಕಿಗೆ ಇದೇ ಸೆಫ್ಟ್ರಿಯಾಕ್ಸೋನ್ 50ರಿಂದ 75 ಸಾಕಾಗುತ್ತೆ. ಸಿರಪ್ ಕುಡಿಸಿ ಆ ಮಟ್ಟ ತಲುಪೋಕೆ ಆಗಲ್ಲ.

ಇನ್ನೊಂದು ವಿಷಯ, ಇದು ಯಾರಿಗೂ ಹೊಳೆಯಲ್ಲ. ಪೊರೆ ಊದಿಕೊಂಡಿರುವಾಗ ಆ ಗೋಡೆ ಸ್ವಲ್ಪ ಸಡಿಲವಾಗಿರುತ್ತೆ, ಔಷಧಿ ಜಾಸ್ತಿ ಒಳಗೆ ಹೋಗುತ್ತೆ. ಊತ ಇಳಿದು ಮಗು ಚೇತರಿಸಿಕೊಂಡಂತೆ ಗೋಡೆ ಮತ್ತೆ ಬಿಗಿಯಾಗುತ್ತೆ. ಅಂದರೆ ಮಗು ಆಡೋಕೆ ಶುರು ಮಾಡಿದ ಹೊತ್ತಿಗೆ ಒಳಗೆ ಹೋಗುವ ಔಷಧಿ ಕಮ್ಮಿಯಾಗಿರುತ್ತೆ. ಅದಕ್ಕೇ ಕೊನೆಯ ದಿನದವರೆಗೂ ಡೋಸ್ ಇಳಿಸಲ್ಲ.

ಬೆಣ್ಣೆದೋಸೆ:
ಇದನ್ನು ಯಾರೂ ಹೇಳಿರಲಿಲ್ಲ ಸರ್. ಸ್ಕ್ರೀನ್‌ಶಾಟ್ ತೆಗೆದು ಮಾವನಿಗೆ ತೋರಿಸುತ್ತೇನೆ.

ನೈಟ್ ಡ್ಯೂಟಿ:
ಸರ್ ಅಲ್ಲ, ಮೇಡಂ 🙂

ಪೆಟ್ರಿ ತಟ್ಟೆ:
ಲ್ಯಾಬ್ ಕಡೆಯಿಂದ ಒಂದು ಮಾತು. ಊರಲ್ಲಿ ಕೊಟ್ಟ ಆ ಸಿರಪ್ ಇದೆಯಲ್ಲ, ಅದರಿಂದ ನಮಗೆ ತಲೆನೋವು. ರೋಗ ವಾಸಿ ಮಾಡುವಷ್ಟು ಶಕ್ತಿ ಅದಕ್ಕಿಲ್ಲ, ಕಲ್ಚರ್ ಕೆಡಿಸುವಷ್ಟು ಇದೆ. ಬೆನ್ನಿನ ನೀರು ಬರುತ್ತೆ, ಬಿಳಿ ಕಣ ಸಾವಿರ ಲೆಕ್ಕದಲ್ಲಿ, ಸಕ್ಕರೆ ಅಂಶ ಇಳಿದಿರುತ್ತೆ, ಪ್ರೋಟೀನ್ ಏರಿರುತ್ತೆ. ಆದರೆ ಕಲ್ಚರ್ ಇಟ್ಟರೆ ಏನೂ ಬೆಳೆಯಲ್ಲ. ನಿಮಗೆ ರಕ್ತದಲ್ಲಾದರೂ ಬೆಳೆದಿದ್ದು ಪುಣ್ಯ. ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಾದರೆ ಎಷ್ಟು ದಿನ, ಯಾವ ಔಷಧಿ ಅಂತ ನಿಖರವಾಗಿ ಹೇಳಬಹುದು.

ನರಕ್ಕೆ ಕೊಟ್ಟ ಆಂಟಿಬಯೋಟಿಕ್ ಎಷ್ಟು ವೇಗ ಗೊತ್ತಾ? ಮೆನಿಂಗೋಕಾಕಸ್ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾ ಆದರೆ ಎರಡು ಗಂಟೆಯೊಳಗೇ ಬೆನ್ನಿನ ನೀರು ಕಲ್ಚರ್‌ನಲ್ಲಿ ಖಾಲಿ ಬರಬಹುದು. ನ್ಯುಮೋಕಾಕಸ್ ನಾಲ್ಕು ಗಂಟೆ ಆದ ಮೇಲೆ.

ರೊಕ್ಕ ಎಲ್ಲೈತಿ:
ನಿಲ್ಲಿ ನಿಲ್ಲಿ. ನಾಲ್ಕು ಗಂಟೆಯಲ್ಲಿ ಖಾಲಿ ಅಂದಿರಿ. ಮತ್ತೆ 14 ದಿನ ಯಾರನ್ನು ಹೊಡೆಯುತ್ತೀರಿ? ನೀವೇ ನನ್ನ ಪರ ಮಾತಾಡಿದಿರಿ.

ಪೆಟ್ರಿ ತಟ್ಟೆ:
ನಿಮ್ಮ ಪರ ಅಲ್ಲ ಸ್ವಾಮಿ. ಸೊಂಟದ ಹತ್ತಿರ ತೆಗೆದ ಕೆಲವು ಹನಿಯಲ್ಲಿ ಬೆಳೆಯಲಿಲ್ಲ ಅಂದರೆ ತಲೆಯೊಳಗಿನ ಸಂದುಗೊಂದಿನಲ್ಲೂ ಇಲ್ಲ ಅಂತ ಆಗುತ್ತಾ? ಕೀವು ಕಟ್ಟಿದ ಜಾಗ, ಪೊರೆಯ ಕೆಳಗೆ ನೀರು ತುಂಬಿದ ಜಾಗ, ಅಲ್ಲಿಗೆಲ್ಲ ಔಷಧಿ ನಿಧಾನವಾಗಿ ಹೋಗುತ್ತೆ. ಅರ್ಧಕ್ಕೆ ಬಿಟ್ಟರೆ ತಿರುಗಿ ಬರೋದು ಅಲ್ಲಿಂದಲೇ.

ಗೂಗಲ್ ಗೌಡ:
ಆದರೆ 5 ದಿನ ಸಾಕು ಅಂತ ದೊಡ್ಡ ಅಧ್ಯಯನವೇ ಇದೆ. 2011ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಬಾಂಗ್ಲಾದೇಶ, ಪಾಕಿಸ್ತಾನ, ಈಜಿಪ್ಟ್, ಮಲಾವಿ, ವಿಯೆಟ್ನಾಂ. ಸಾವಿರದಷ್ಟು ಮಕ್ಕಳು. 5 ದಿನ ಸೆಫ್ಟ್ರಿಯಾಕ್ಸೋನ್ ಕೊಟ್ಟವರಿಗೂ 10 ದಿನ ಕೊಟ್ಟವರಿಗೂ ವ್ಯತ್ಯಾಸ ಇರಲಿಲ್ಲ. ಡಾಕ್ಟ್ರುಗಳು ಇದನ್ನು ಯಾಕೆ ಹೇಳಲ್ಲ?

ರೊಕ್ಕ ಎಲ್ಲೈತಿ:
ನೋಡಿ! ಈಗ ಹೇಳಿ!

ನೈಟ್ ಡ್ಯೂಟಿ:
ಹೇಳುತ್ತೇನೆ, ಅವಸರ ಬೇಡ. ಗೌಡ್ರು ಹೇಳಿದ ಅಧ್ಯಯನ ನಿಜ, ಒಳ್ಳೆಯದೂ ಹೌದು. ಎರಡು ವಿಷಯ ಬಿಟ್ಟಿದ್ದೀರಿ. ಒಂದು, ಐದನೇ ದಿನಕ್ಕೆ ಸ್ಥಿರವಾಗಿದ್ದ ಮಕ್ಕಳನ್ನು ಮಾತ್ರ ಅದಕ್ಕೆ ಸೇರಿಸಿಕೊಂಡಿದ್ದರು. ಎರಡು, ಆ ಐದು ದಿನವೂ ಇಂಜೆಕ್ಷನ್ನೇ, ಸಿರಪ್ ಅಲ್ಲ. "ಐದು ದಿನ ಆಯ್ತು, ಇನ್ನು ಸಿರಪ್" ಅಂತ ಆ ಅಧ್ಯಯನ ಎಲ್ಲೂ ಹೇಳಿಲ್ಲ.

ಈಗ ಸಾಮಾನ್ಯವಾಗಿ ನಡೆಯುವ ಲೆಕ್ಕ ಇದು. ಮೆನಿಂಗೋಕಾಕಸ್ 5ರಿಂದ 7 ದಿನ. ಹಿಬ್ (ಅದೂ ಒಂದು ಬ್ಯಾಕ್ಟೀರಿಯಾ) 7ರಿಂದ 10. ನ್ಯುಮೋಕಾಕಸ್ 10ರಿಂದ 14. ಹಸುಗೂಸಿಗೆ ಇ. ಕೋಲೈ ಥರದ್ದು ಬಂದಿದ್ದರೆ 21 ದಿನ. ನ್ಯುಮೋಕಾಕಸ್‌ಗೆ ಕಮ್ಮಿ ಮಾಡಬಹುದಾ ಅನ್ನೋ ಚರ್ಚೆ ಡಾಕ್ಟ್ರುಗಳಲ್ಲೂ ಇದೆ, ಮುಚ್ಚಿಡುವ ವಿಷಯ ಅಲ್ಲ. ಆದರೆ ಫಿಟ್ಸ್ ಬಂದ ಮಗುವಿನ ಮೇಲೆ ಯಾರೂ ಅದನ್ನು ಪರೀಕ್ಷೆ ಮಾಡಲ್ಲ. ನಾನೂ ಮಾಡಲ್ಲ.

ನಿವೃತ್ತ ಸಿಸ್ಟರ್:
ನಾವು ಡ್ಯೂಟಿಗೆ ಸೇರಿದಾಗ ಸೆಫ್ಟ್ರಿಯಾಕ್ಸೋನ್ ಎಲ್ಲಿತ್ತು? ಆಂಪಿಸಿಲಿನ್ ಮತ್ತು ಕ್ಲೋರಾಂಫೆನಿಕಾಲ್. ಆರು ಗಂಟೆಗೊಮ್ಮೆ ಎರಡೂ. ರಾತ್ರಿ ಎರಡಕ್ಕೆ ಎದ್ದು ವಯಲ್ ಕಲಸಬೇಕು. ಮಗು ಅಳುತ್ತೆ, ತಾಯಿ ಅಳುತ್ತಾಳೆ. ಈಗ ದಿನಕ್ಕೆ ಒಂದೋ ಎರಡೋ ಸಲ ಅಂದರೆ ನಮಗೆ ಅದೇ ಸ್ವರ್ಗ.

ಅಂದ ಹಾಗೆ ಬಾಯಿಂದ ಕೊಟ್ಟರೂ ಮೆದುಳಿಗೆ ಚೆನ್ನಾಗಿ ಹೋಗುತ್ತಿದ್ದ ಔಷಧಿ ಅಂದರೆ ಆ ಕ್ಲೋರಾಂಫೆನಿಕಾಲೇ. ಆದರೆ ಅಪರೂಪಕ್ಕೆ ಕೆಲವರಲ್ಲಿ ಮೂಳೆಮಜ್ಜೆಯನ್ನೇ ಒಣಗಿಸಿಬಿಡುತ್ತಿತ್ತು, ರಕ್ತ ತಯಾರಾಗುವುದೇ ನಿಲ್ಲುತ್ತಿತ್ತು. ಆಮೇಲೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೂ ಬಂದವು. ಸೆಫ್ಟ್ರಿಯಾಕ್ಸೋನ್ ಬಂದ ಮೇಲೆ ಯಾರೂ ಹಿಂದೆ ನೋಡಲಿಲ್ಲ.

ಹಳೇ ಪೇಪರ್:
ಸಿಸ್ಟರ್ ಹಳೇ ಕಾಲ ತೆಗೆದರು, ನಾನು ಇನ್ನೂ ಹಿಂದೆ ಹೋಗುತ್ತೇನೆ. 1942ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಹ್ಯಾರಿ ಲ್ಯಾಂಬರ್ಟ್ ಅನ್ನುವವರು ಸ್ಟ್ರೆಪ್ಟೋಕಾಕಸ್ ಮೆನಿಂಜೈಟಿಸ್‌ನಿಂದ ಸಾಯುವ ಸ್ಥಿತಿಯಲ್ಲಿದ್ದರು. ಸಲ್ಫಾ ಔಷಧಿ ಕೆಲಸ ಮಾಡಲಿಲ್ಲ. ಅಲೆಕ್ಸಾಂಡರ್ ಫ್ಲೆಮಿಂಗ್ ಆಕ್ಸ್‌ಫರ್ಡಿನ ವಿಜ್ಞಾನಿ ಫ್ಲೋರಿ ಹತ್ತಿರ ಇದ್ದ ಪೆನಿಸಿಲಿನ್ ಕೇಳಿ ತರಿಸಿದರು. ಮಾಂಸಖಂಡಕ್ಕೆ ಕೊಟ್ಟರೆ ಬೆನ್ನಿನ ನೀರಿಗೆ ಸರಿಯಾಗಿ ಹೋಗುತ್ತಿಲ್ಲ ಅಂತ ಗೊತ್ತಾಯಿತು. ಕೊನೆಗೆ ನೇರ ಬೆನ್ನಿನ ನೀರಿಗೇ ಚುಚ್ಚಿದರು. ಆ ಮನುಷ್ಯ ಬದುಕಿದರು. ಇವತ್ತು ನೀವು ಜಗಳ ಆಡುತ್ತಿರುವ ವಿಷಯ ಇದೇ, ಒಳಗೆ ಹೋಗುತ್ತಾ ಇಲ್ವಾ ಅಂತ.

ಗೂಗಲ್ ಗೌಡ:
ಹಾಗಾದರೆ ಈಗಲೂ ಬೆನ್ನಿಗೇ ಕೊಡಬಹುದಲ್ವಾ? ಕೈಗೆ ಕ್ಯಾನುಲಾ (ನರಕ್ಕೆ ಹಾಕುವ ನಳಿಕೆ) ಹಾಕುವ ಗೋಳೇ ಇರಲ್ಲ.

ನೈಟ್ ಡ್ಯೂಟಿ:
ದಿನಾ ಬೆನ್ನಿಗೆ ಸೂಜಿ ಹಾಕೋದು ಕ್ಯಾನುಲಾಗಿಂತ ಹಿತ ಅನ್ಸುತ್ತಾ? ತಲೆಯ ಆಪರೇಷನ್ ಆದ ಮೇಲೆ ಬರುವ ಹಟಮಾರಿ ಸೋಂಕಿಗೆ, ಬೇರೆ ದಾರಿ ಇಲ್ಲದಾಗ, ಕೊಲಿಸ್ಟಿನ್ ಥರದ್ದನ್ನು ಹಾಗೆ ಕೊಡುವುದು ಇದೆ. ಮಾಮೂಲಿ ಮೆನಿಂಜೈಟಿಸ್‌ಗೆ ನರದಲ್ಲಿ ಕೊಟ್ಟರೆ ಸಾಕು.

ಬೆಣ್ಣೆದೋಸೆ:
ಇನ್ನೊಂದು ಕೇಳೋದಿತ್ತು. ವ್ಯಾಂಕೊಮೈಸಿನ್ ಹಾಕಿದಾಗ ಮಗುವಿನ ಮುಖ, ಕತ್ತು ಎಲ್ಲ ಕೆಂಪಾಯಿತು. ಸಿಸ್ಟರ್ ಬಂದು ಡ್ರಿಪ್ಸ್ ನಿಧಾನ ಮಾಡಿದ ಮೇಲೆ ಸರಿಹೋಯಿತು. ಅಲರ್ಜಿ ಅಂತ ಅತ್ತೆ ಗಾಬರಿ. ಮತ್ತೆ ಆ ಸ್ಟೀರಾಯ್ಡ್ ಬಗ್ಗೆಯೂ ಭಯ.

ಕೆಂಪು ಗೆರೆ:
ಮೆಡಿಕಲ್ ಶಾಪ್ ನಡೆಸುತ್ತೇನೆ. ವ್ಯಾಂಕೊಮೈಸಿನ್ ಬೇಗ ಹರಿಸಿದರೆ ಹಾಗೆ ಕೆಂಪಾಗುತ್ತೆ. ಕಮ್ಮಿ ಅಂದರೂ ಒಂದು ಗಂಟೆ ಹಿಡಿದು ಬಿಡಬೇಕು. ನಿಧಾನ ಮಾಡಿದಾಗ ಇಳಿಯಿತು ಅಂದರೆ ವೇಗದ್ದೇ ತೊಂದರೆ ಇರಬೇಕು. ಆದರೂ ಮುಂದಿನ ಡೋಸ್ ಹಾಕುವಾಗ ಸಿಸ್ಟರಿಗೆ ನೆನಪಿಸಿ. ಉಸಿರು ಕಟ್ಟಿದರೆ, ತುಟಿ ಊದಿದರೆ ಅದು ಬೇರೆ ವಿಷಯ, ತಕ್ಷಣ ಕೂಗಿ ಕರೆಯಬೇಕು.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಎರಡೂ ಶೆಡ್ಯೂಲ್ ಎಚ್1ನಲ್ಲಿವೆ, 2014ರಿಂದ. ಚೀಟಿ ಇಲ್ಲದೆ ಕೊಡಬಾರದು, ರಿಜಿಸ್ಟರ್‌ನಲ್ಲಿ ಬರೆಯಬೇಕು. ಆದರೂ ನಮ್ಮ ಕೌಂಟರಿಗೆ ಬಂದು "ಮಗುಗೆ ಜ್ವರ, ಹೋದ ಸಲ ಕೊಟ್ಟಿದ್ದೇ ಸಿರಪ್ ಕೊಡಿ" ಅನ್ನುವವರು ಎಷ್ಟು ಜನ! ಕೊಡಲ್ಲ ಅಂದರೆ ಎದುರಿನ ಅಂಗಡಿಗೆ ಹೋಗುತ್ತಾರೆ. ಪೆಟ್ರಿ ತಟ್ಟೆಯವರ ತಲೆನೋವು ಅಲ್ಲಿಂದಲೇ ಶುರು.

ರೊಕ್ಕ ಎಲ್ಲೈತಿ:
ಸ್ಟೀರಾಯ್ಡ್ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ. ಸ್ಟೀರಾಯ್ಡ್ ಕೊಟ್ಟರೆ ಸೋಂಕು ಜಾಸ್ತಿ ಆಗುತ್ತೆ ಅಂತ ಕೋವಿಡ್ ಕಾಲದಲ್ಲಿ ಎಲ್ಲರೂ ಬಾಯಿ ಬಡಿದುಕೊಂಡರು. ಇಲ್ಲಿ ಮೊದಲ ಡೋಸಿನ ಜೊತೆಗೇ ಕೊಡುತ್ತಾರಂತೆ!

ನೈಟ್ ಡ್ಯೂಟಿ:
ಬೇಕು ಅಂತಲೇ ಹಾಗೆ ಕೊಡೋದು. ಆಂಟಿಬಯೋಟಿಕ್ ಬಿದ್ದ ತಕ್ಷಣ ಬ್ಯಾಕ್ಟೀರಿಯಾ ಒಡೆಯುತ್ತೆ. ಒಡೆದ ಚೂರುಗಳಿಂದ ಊತ ಇನ್ನೂ ಏರುತ್ತೆ. ಮೆದುಳು, ಕಿವಿಯ ನರ ಪೆಟ್ಟು ತಿನ್ನೋದು ಆ ಊತದಿಂದಲೂ ಹೌದು. ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡನ್ನು ಮೊದಲ ಆಂಟಿಬಯೋಟಿಕ್ಕಿಗೆ ಸ್ವಲ್ಪ ಮುಂಚೆ ಅಥವಾ ಜೊತೆಗೇ ಕೊಟ್ಟರೆ ಅದನ್ನು ತಡೆಯಬಹುದು. 2ರಿಂದ 4 ದಿನ, ಅಷ್ಟೇ. ತಡವಾಗಿ ಶುರು ಮಾಡಿದರೆ ಪ್ರಯೋಜನ ಕಮ್ಮಿ.

ಯುರೋಪಿನಲ್ಲಿ 301 ದೊಡ್ಡವರ ಮೇಲೆ ನಡೆದ ಅಧ್ಯಯನ 2002ರಲ್ಲಿ ಬಂತು. ಸಾವು ನೂರಕ್ಕೆ 15ರಿಂದ 7ಕ್ಕೆ ಇಳಿಯಿತು. ಆದರೆ ಮಲಾವಿಯಲ್ಲಿ ಮಾಡಿದಾಗ ಏನೂ ಲಾಭ ಕಾಣಲಿಲ್ಲ. ಅಲ್ಲಿ ಹೆಚ್ಚಿನ ರೋಗಿಗಳಿಗೆ ಎಚ್‌ಐವಿ ಇತ್ತು, ಆಸ್ಪತ್ರೆಗೆ ಬರುವಾಗಲೇ ತಡವಾಗಿತ್ತು. ಹಾಗಾಗಿ ಎಲ್ಲ ಕಡೆ ಒಂದೇ ಉತ್ತರ ಇಲ್ಲ. ಇನ್ನೊಂದು ತೊಡಕು, ಊತ ಇಳಿಸುತ್ತಲ್ಲ, ಅದರಿಂದ ವ್ಯಾಂಕೊಮೈಸಿನ್ ಒಳಗೆ ಹೋಗೋದೂ ಕಮ್ಮಿಯಾಗುತ್ತೆ. ಅದನ್ನು ಲೆಕ್ಕದಲ್ಲಿಟ್ಟೇ ಡೋಸ್ ಬರೆಯುತ್ತಾರೆ.

ಅರಸೀಕೆರೆ ಜಂಕ್ಷನ್:
ನಮ್ಮ ತಾತನಿಗೆ ಬಂದಾಗ ಇವೆರಡರ ಜೊತೆ ಆಂಪಿಸಿಲಿನ್ ಅಂತ ಮೂರನೇದೂ ಕೊಟ್ಟರು. ವಯಸ್ಸಾದವರಿಗೆ ಯಾಕೆ ಜಾಸ್ತಿ?

ಪೆಟ್ರಿ ತಟ್ಟೆ:
ಲಿಸ್ಟೀರಿಯಾ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಸೆಫ್ಟ್ರಿಯಾಕ್ಸೋನ್ ಅದಕ್ಕೆ ಲೆಕ್ಕಕ್ಕೇ ಇಲ್ಲ, ಎಷ್ಟು ಸುರಿದರೂ ಸಾಯಲ್ಲ. 50 ದಾಟಿದವರು, ಬಸುರಿಯರು, ರೋಗನಿರೋಧಕ ಶಕ್ತಿ ಕುಗ್ಗಿದವರು, ಹಸುಗೂಸು, ಇವರಿಗೆ ಅದು ಬರುವ ಸಾಧ್ಯತೆ ಹೆಚ್ಚು. ಕಲ್ಚರ್ ಬರುವವರೆಗೆ ಕಾಯೋಕೆ ಆಗಲ್ಲ, ಹಾಗಾಗಿ ಮೊದಲೇ ಸೇರಿಸುತ್ತಾರೆ.

ಲೀಡ್ಸ್‌ನಿಂದ ಸುಮ:
ಇಲ್ಲಿ ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದೇನೆ. ಇಲ್ಲಿ ಜನಕ್ಕೆ ಮೆನಿಂಗೋಕಾಕಸ್ ಭಯ ಜಾಸ್ತಿ. ಮೈಮೇಲೆ ಕೆಂಪು, ನೇರಳೆ ಚುಕ್ಕೆ ಕಂಡರೆ ಗಾಜಿನ ಲೋಟ ಒತ್ತಿ ನೋಡಿ ಅಂತ ಎಲ್ಲರಿಗೂ ಹೇಳಿಕೊಟ್ಟಿರುತ್ತಾರೆ. ಒತ್ತಿದರೂ ಮಾಸದಿದ್ದರೆ ಆಂಬುಲೆನ್ಸ್. ಅದು ಬರುವಷ್ಟರಲ್ಲಿ ಹತ್ತಿರದ ಡಾಕ್ಟ್ರು ಪೆನಿಸಿಲಿನ್ ಇಂಜೆಕ್ಷನ್ ಚುಚ್ಚಿಬಿಡುವುದೂ ಉಂಟು. ನಮ್ಮ ಮೈಬಣ್ಣಕ್ಕೆ ಚುಕ್ಕೆ ಸುಲಭವಾಗಿ ಕಾಣಲ್ಲ. ಅಂಗೈ, ಅಂಗಾಲು, ಕಣ್ಣಿನ ರೆಪ್ಪೆಯ ಒಳಗೆ ನೋಡಬೇಕು. ಚುಕ್ಕೆ ಇಲ್ಲ ಅಂದ ಮಾತ್ರಕ್ಕೆ ಮೆನಿಂಜೈಟಿಸ್ ಅಲ್ಲ ಅಂತಲೂ ಅಲ್ಲ.

ಬೆಣ್ಣೆದೋಸೆ:
ಹಾಗಾದರೆ ಮನೆಯವರೆಲ್ಲ ಮಾತ್ರೆ ತಗೋಬೇಕಾ? ಪಕ್ಕದ ಮನೆಯವರು ತಮ್ಮ ಮಕ್ಕಳನ್ನು ನಮ್ಮ ಅಂಗಳಕ್ಕೂ ಬಿಡುತ್ತಿಲ್ಲ.

ಲೀಡ್ಸ್‌ನಿಂದ ಸುಮ:
ನಿಮ್ಮದು ನ್ಯುಮೋಕಾಕಸ್, ಬೇಡ. ಮೆನಿಂಗೋಕಾಕಸ್ ಆಗಿದ್ದರೆ ಒಂದೇ ಮನೆಯಲ್ಲಿ ಇದ್ದವರಿಗೆ ಕೊಡುತ್ತಿದ್ದರು. ದೊಡ್ಡವರಿಗೆ ಸಿಪ್ರೊಫ್ಲಾಕ್ಸಾಸಿನ್ ಒಂದೇ ಡೋಸ್, ಇಲ್ಲವೇ ಎರಡು ದಿನ ರಿಫಾಂಪಿಸಿನ್. ಪಕ್ಕದ ಮನೆಗೆ ಸುಮ್ನೆ ಹೇಳಿ, ಇದು ಹಾಗೆ ಅಂಟಲ್ಲ ಅಂತ.

ಬೀದರ್ ಬಿದ್ರಿ:
ರಿಫಾಂಪಿಸಿನ್ ನುಂಗಿದರೆ ಮೂತ್ರ ಕಿತ್ತಳೆ ಬಣ್ಣ ಆಗುತ್ತೆ. ಟಿಬಿ ಮಾತ್ರೆ ತಗೊಂಡವರಿಗೆ ಗೊತ್ತು. ಮೊದಲ ದಿನ ರಕ್ತ ಅಂದುಕೊಂಡು ಜೀವ ಬಾಯಿಗೆ ಬಂದಿತ್ತು.

ಮೆನಿಂಗೋಕಾಕಸ್ ಅಂದಾಗ ನೆನಪಾಯಿತು, ನಮ್ಮ ಅಬ್ಬಾ ಹಜ್‌ಗೆ ಹೋಗುವಾಗ ಇದೇ ಲಸಿಕೆ ಹಾಕಿಸಿಕೊಂಡಿದ್ದರು. ಅದಿಲ್ಲದೆ ಸೌದಿಯವರು ಬಿಡಲ್ಲ.

ಹಳೇ ಪೇಪರ್:
ಲಸಿಕೆ ಅಂದರೆ ನಮ್ಮ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಹೆಸರು ಹೇಳಲೇಬೇಕು. ಆಫ್ರಿಕಾದಲ್ಲಿ ಸೆನೆಗಲ್‌ನಿಂದ ಇಥಿಯೋಪಿಯಾವರೆಗೆ ಮೆನಿಂಜೈಟಿಸ್ ಪಟ್ಟಿ ಅಂತ ಇದೆ. ಒಣಗಾಳಿ ಕಾಲದಲ್ಲಿ ಊರಿಗೆ ಊರೇ ಮಲಗುತ್ತಿತ್ತು. ಅಲ್ಲಿ 10 ದಿನ ಡ್ರಿಪ್ಸ್ ಹಾಕೋಕೆ ಹಾಸಿಗೆ ಎಲ್ಲಿ? ಎಣ್ಣೆಯಲ್ಲಿ ಕಲಸಿದ ಕ್ಲೋರಾಂಫೆನಿಕಾಲ್ ಒಂದೇ ಒಂದು ಇಂಜೆಕ್ಷನ್ ಕೊಟ್ಟು ಕಳಿಸುತ್ತಿದ್ದರು. 2003ರಲ್ಲಿ ನೈಜರ್ ದೇಶದಲ್ಲಿ ಒಂದೇ ಡೋಸ್ ಸೆಫ್ಟ್ರಿಯಾಕ್ಸೋನ್ ಕೊಟ್ಟು ನೋಡಿದರು, ಅದೂ ಅಷ್ಟೇ ಕೆಲಸ ಮಾಡಿತು. 2010ರ ಡಿಸೆಂಬರ್‌ನಲ್ಲಿ ಬುರ್ಕಿನಾ ಫಾಸೋದಲ್ಲಿ ಮೆನ್‌ಆಫ್ರಿವ್ಯಾಕ್ ಅನ್ನೋ ಲಸಿಕೆ ಶುರುವಾಯಿತು. ಪುಣೆಯಲ್ಲಿ ತಯಾರಾಗಿದ್ದು, ಡೋಸಿಗೆ ಅರ್ಧ ಡಾಲರಿಗೂ ಕಮ್ಮಿ. ಅದಾದ ಮೇಲೆ ಅಲ್ಲಿ ಎ ಗುಂಪಿನ ಮೆನಿಂಗೋಕಾಕಸ್ ಹೆಚ್ಚುಕಮ್ಮಿ ಮಾಯವೇ ಆಯಿತು.

ರೊಕ್ಕ ಎಲ್ಲೈತಿ:
ಒಂದೇ ಇಂಜೆಕ್ಷನ್! ಆಫ್ರಿಕಾದವರಿಗೆ ಒಂದು, ನಮಗೆ 14! ಇನ್ನೇನು ಹೇಳಬೇಕು ನಾನು?

ನೈಟ್ ಡ್ಯೂಟಿ:
ಅಯ್ಯೋ ಅಣ್ಣಾ. ಅದು ಮೆನಿಂಗೋಕಾಕಸ್, ಅದೂ ಸಾವಿರಾರು ಜನ ಒಟ್ಟಿಗೆ ಬಿದ್ದಾಗ. ಈ ಮಗುವಿಗೆ ಬಂದಿರೋದು ನ್ಯುಮೋಕಾಕಸ್, ಅದು ಇನ್ನೂ ಕ್ರೂರಿ. ಬ್ಯಾಕ್ಟೀರಿಯಾ ಬೇರೆ ಅಂದರೆ ಲೆಕ್ಕವೂ ಬೇರೆ. ಬಿಲ್ ಚಿಂತೆ ನಿಜವೇ ಇದ್ದರೆ ಅದಕ್ಕೆ ದಾರಿ ಹುಡುಕೋಣ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬರುತ್ತಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಲಿ. ಸರ್ಕಾರಿ ಆಸ್ಪತ್ರೆಗೆ ವರ್ಗ ಮಾಡಿಸಿಕೊಂಡರೂ ಇದೇ ಇಂಜೆಕ್ಷನ್ ಸಿಗುತ್ತೆ. ಮಧ್ಯದಲ್ಲಿ ನಿಲ್ಲಿಸೋದು ಮಾತ್ರ ಬೇಡ.

ರೊಕ್ಕ ಎಲ್ಲೈತಿ:
ಇದನ್ನು ಮೊದಲೇ ಹೇಳಿದ್ದರೆ ಇಷ್ಟು ಜಗಳವೇ ಇರುತ್ತಿರಲಿಲ್ಲ. ಜನ ಓಡಿ ಹೋಗೋದು ರೋಗಕ್ಕಲ್ಲ, ಬಿಲ್ಲಿಗೆ.

ಕೋಲಾರದ ಹುಣಸೆ:
ನಮ್ಮ ಕಡೆ ಮೆದುಳು ಜ್ವರ ಅಂದರೆ ಸೊಳ್ಳೆ, ಹಂದಿ ಅಂತಾರೆ. ಅದೇನಾ ಇದು?

ಪೆಟ್ರಿ ತಟ್ಟೆ:
ಅಲ್ಲ. ಅದು ಜಪಾನೀಸ್ ಎನ್ಸೆಫಲೈಟಿಸ್, ವೈರಸ್ಸಿನಿಂದ ಬರೋದು. ಆಂಟಿಬಯೋಟಿಕ್ ಅದಕ್ಕೆ ಏನೂ ಮಾಡಲ್ಲ. ಟಿಬಿ ಮೆನಿಂಜೈಟಿಸ್ ಇನ್ನೊಂದು, ವಾರಗಟ್ಟಲೆ ಮೆಲ್ಲಗೆ ಏರುತ್ತೆ, ಚಿಕಿತ್ಸೆ ವರ್ಷದ ತನಕ ಹೋಗಬಹುದು. ಅರ್ಧ ಸಿರಪ್ ಕುಡಿದು ಬಂದವರಲ್ಲಿ ಯಾವುದು ಅಂತ ಹೇಳೋದು ಕಷ್ಟ ಆಗೋದು ಇದಕ್ಕೇ.

ನಿರ್ವಾಹಕ:
ಇಬ್ಬರು ತಮ್ಮ ಮಕ್ಕಳಿಗೆ ಡೋಸ್ ಎಷ್ಟು ಅಂತ ಇಲ್ಲಿ ಕೇಳಿದ್ದರು, ತೆಗೆದಿದ್ದೇನೆ. ಡೋಸ್ ನಿಮ್ಮ ಡಾಕ್ಟ್ರನ್ನು ಕೇಳಿ.

ಮಾನಸಗಂಗೋತ್ರಿ ಅಮ್ಮ:
ಬೆಣ್ಣೆದೋಸೆಯವರೇ, ಎಲ್ಲರೂ ಔಷಧಿ ಮಾತಾಡಿದರು, ನಾನು ಕಿವಿ ಬಗ್ಗೆ ಹೇಳುತ್ತೇನೆ. ನನ್ನ ಮಗಳಿಗೂ ಚಿಕ್ಕವಳಿದ್ದಾಗ ಇದೇ ನ್ಯುಮೋಕಾಕಸ್. ಜೀವ ಉಳಿಯಿತು, ಓಡಾಡಿದಳು, ನಾವೂ ಮನೆಗೆ ಬಂದೆವು. ಕರೆದರೆ ತಿರುಗುತ್ತಿರಲಿಲ್ಲ. ಆಟದ ಗುಂಗು ಅಂದುಕೊಂಡೆವು. ಡಿಸ್ಚಾರ್ಜ್ ಚೀಟಿಯಲ್ಲಿ ಕಿವಿ ಪರೀಕ್ಷೆ ಅಂತ ಒಂದು ಸಾಲೂ ಇರಲಿಲ್ಲ.

ಆಮೇಲೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಬೇರಾ ಅನ್ನೋ ಕಿವಿ ಪರೀಕ್ಷೆ ಮಾಡಿದರು. ಮಗುವನ್ನು ಮಲಗಿಸಿ, ತಲೆಗೆ ವೈರ್ ಅಂಟಿಸಿ ಮಾಡುತ್ತಾರೆ, ನೋವಿಲ್ಲ. ಅಲ್ಲಿ ತಿಳಿಸಿದ್ದು ಏನೆಂದರೆ, ಈ ರೋಗದ ನಂತರ ಒಳಕಿವಿಯ ಸುರುಳಿಯೊಳಗೆ ಮೂಳೆ ಬೆಳೆದು ಮುಚ್ಚಿಕೊಳ್ಳಬಹುದು. ಮುಚ್ಚಿದ ಮೇಲೆ ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸೋಕೆ ಒಳಕಿವಿಗೆ ಹಾಕುವ ಸಾಧನ) ಕೂರಿಸೋದು ಕಷ್ಟ. ಹಾಗಾಗಿ ತಿಂಗಳೊಳಗೇ ಪರೀಕ್ಷೆ ಆಗಬೇಕು. ಈಗ ಅವಳಿಗೆ ಇಂಪ್ಲಾಂಟ್ ಇದೆ, ಶಾಲೆಗೆ ಹೋಗುತ್ತಾಳೆ, ನನಗಿಂತ ಜಾಸ್ತಿ ಮಾತಾಡುತ್ತಾಳೆ. ನೀವು ಮಾತ್ರ ಡಿಸ್ಚಾರ್ಜ್‌ಗೆ ಮುಂಚೆ ಬಾಯಿಬಿಟ್ಟು ಕೇಳಿ.

ನೈಟ್ ಡ್ಯೂಟಿ:
ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಮೊಬೈಲ್ ಶಬ್ದಕ್ಕೆ ತಿರುಗುತ್ತಾನೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಒಂದೇ ಕಿವಿ ಹೋಗಿದ್ದರೂ ತಿರುಗುತ್ತಾರೆ.

ಬೆಣ್ಣೆದೋಸೆ:
ಬೆಳಿಗ್ಗೆ ಡಾಕ್ಟ್ರನ್ನು ಎಲ್ಲ ಕೇಳಿದೆ. ಸೆನ್ಸಿಟಿವಿಟಿ ರಿಪೋರ್ಟ್ ಬಂದಿದೆಯಂತೆ, ಸೆಫ್ಟ್ರಿಯಾಕ್ಸೋನ್‌ಗೇ ಬಗ್ಗುತ್ತೆ. ವ್ಯಾಂಕೊಮೈಸಿನ್ ನಿಲ್ಲಿಸಿದರು. ಉಳಿದಿದ್ದು 10 ದಿನ ಪೂರ್ತಿ, ಮಗು ಹೀಗೇ ಇದ್ದರೆ ಅಲ್ಲಿಗೆ ಸಾಕು ಅಂದರು. ಬೇರಾ ಟೆಸ್ಟ್‌ಗೆ ಬರೆದುಕೊಟ್ಟರು. ಮಾವ ಜಾತ್ರೆಗೆ ಒಬ್ಬರೇ ಹೋದರು, ಹೋಗುವಾಗಲೂ ಗೊಣಗುತ್ತಲೇ ಇದ್ದರು.

ಅರಸೀಕೆರೆ ಜಂಕ್ಷನ್:
ಒಳ್ಳೆಯದಾಯಿತು. ನನ್ನದೊಂದು ಸಣ್ಣ ಪ್ರಶ್ನೆ. ನಮ್ಮ ಮಗುವಿಗೆ ಐದು ತಿಂಗಳು. ಅಜ್ಜಿ ಮನೆಯಲ್ಲಿದ್ದರಿಂದ ನ್ಯುಮೋಕಾಕಲ್ ಲಸಿಕೆ ಒಂದೂ ಆಗಿಲ್ಲ. ಈಗ ಹಾಕಿಸಬಹುದಾ?

ನೈಟ್ ಡ್ಯೂಟಿ:
ಹಾಕಿಸಬಹುದು. ಸರ್ಕಾರಿ ಪಟ್ಟಿಯಲ್ಲಿ ಆರು ವಾರ, 14 ವಾರ, ಒಂಬತ್ತು ತಿಂಗಳು. 2021ರಿಂದ ದೇಶದ ಎಲ್ಲ ಕಡೆ ಉಚಿತ. ತಪ್ಪಿಹೋಗಿದ್ದರೂ ವರ್ಷ ತುಂಬುವುದರೊಳಗೆ ಶುರು ಮಾಡಬಹುದು. ಪೆಂಟಾವೇಲೆಂಟ್ ಲಸಿಕೆ ಆಗಿದೆಯಾ ಅಂತಲೂ ನೋಡಿ, ಹಿಬ್ ಅದರಲ್ಲೇ ಬರುತ್ತೆ. ತಾಯಿ ಕಾರ್ಡ್ ಹಿಡಿದುಕೊಂಡು ಹತ್ತಿರದ ಪಿಎಚ್‌ಸಿಗೆ ಹೋಗಿ. ಹೆಚ್ಚಿನ ಕಡೆ ಗುರುವಾರ ಲಸಿಕೆ ದಿನ, ಆದರೂ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿ ಹೊರಡಿ.